ಅಣ್ಣನ ಗೇಟಿನ ಇಳಿಜಾರು

ಅಕ್ಟೋಬರ್ 22, ಬುಧವಾರ. ಹೊಸೂರು.

ಮಧುಸೂದನಣ್ಣನ ಮುಖ ನೆನೆಸಿಕೊಂಡರೆ ಇನ್ನೂ ಮೈ ಉರಿಯುತ್ತೆ. ಮಹಡಿ ಮೇಲಿರೋನು ಅವನು, ಕೆಳಗಿರೋನು ನಾನು. ಹೊಸ ಕಾರು ಹತ್ತಲಿ ಅಂತ ಗೇಟಿನ ಮುಂದೆ ಸಿಮೆಂಟಿನ ಇಳಿಜಾರು ಹಾಕಿಸಿದ. ಮಳೆನೀರು ನೆಲಮಾಳಿಗೆಗೆ ತಿರುಗುತ್ತೆ ಅಂತ ಆವತ್ತೇ ಬಡಕೊಂಡೆ. ಕೇಳಲಿಲ್ಲ.

ಇವತ್ತು ಸೂಳಗಿರಿ ಫ್ಯಾಕ್ಟರಿಯಿಂದ ಬಂದು ನೋಡಿದರೆ ನೆಲಮಾಳಿಗೆಯಲ್ಲಿ ಮಳೆಗೆ ಉಕ್ಕಿದ ಚರಂಡಿ ನೀರು, ಮೊಣಕಾಲುದ್ದ. ಮೂರು ವಾರದಿಂದ ಹುಳಿ ಬರೋಕೆ ಇಟ್ಟಿದ್ದ ರಾಗಿ ಬಿಯರಿನ ಡ್ರಮ್ಮು ಮಗುಚಿಕೊಂಡು ತೇಲ್ತಾ ಇತ್ತು. ಭಾನುವಾರ ಬಾಟಲಿಗೆ ತುಂಬಬೇಕಿತ್ತು. ಪೊಲೀಸ್ ಸ್ಟೇಷನ್ನಿಗೆ ಹೋಗಿ ಅಣ್ಣನ ಮೇಲೆ ಏನಂತ ದೂರು ಬರೆಸೋದು, ಕದ್ದುಮುಚ್ಚಿ ಮಾಡಿದ ಬಿಯರ್ ಹೋಯ್ತು ಅಂತಲಾ?

ಅಣ್ಣ ಪಂಚೆ ಒದ್ದೆಯಾಗದ ಹಾಗೆ ಮೆಟ್ಟಿಲ ಮೇಲೆ ನಿಂತು, "ಹೆಂಡ ತಾನೆ, ಹೋದ್ರೆ ಹೋಗ್ಲಿ ಬಿಡ್ಲಾ" ಅಂದ. ಹೋದ ಸಲ ಆರು ಬಾಟ್ಲಿ ಕುಡಿದು, ಅತ್ತಿಗೆ ಹತ್ರ ಶುಂಠಿ ಪಾನಕ ಅಂದಿದ್ದು ಇದೇ ಬಾಯಿ. "ನಿನ್ ಕಾರೂ ಹೀಗೇ ತೇಲ್ಲಿ ಕಣಣ್ಣ" ಅಂದೆ. ಅತ್ತಿಗೆ ಕಿಟಕಿ ಹಾಕ್ಕೊಂಡರು.

ನೆಲಮಾಳಿಗೆಯಿಂದ ನೀರು ಎತ್ತಿ ಹೊರಗೆ ಹಾಕೋ ಮೋಟಾರು ಯಾಕೆ ಓಡಲಿಲ್ಲ ಅಂತ ಆಮೇಲೆ ನೋಡಿದೆ. ಅದರ ಪ್ಲಗ್ಗು ಗೋಡೆಗೆ ನೇತಾಡ್ತಿತ್ತು. ಅದರ ಜಾಗದಲ್ಲಿ ಫ್ಯಾನಿನ ಪ್ಲಗ್ಗು. ಡ್ರಮ್ಮು ತಂಪಾಗಿರಲಿ ಅಂತ ನಾನೇ ಚುಚ್ಚಿದ್ದು.

ಅವನಿಗೆ ಹೇಳಲ್ಲ. ನಾಳೆ ಆ ಇಳಿಜಾರು ಒಡೆಸ್ತೀನಿ.