ಫೋನಿನ ಆ ಕಡೆಯ ಉಸಿರು

ಭಾನುವಾರ, ಬೆಳಿಗ್ಗೆ

ಮುದ್ದಿನ ಮಿಡತೆ,

ನಿಮ್ಮಪ್ಪ ಇಟ್ಟ ಹೆಸರಿನಲ್ಲೇ ಕರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ರೂಢಿಯಾದ ಕೈ ಇವತ್ತು ಮುಂದೆ ಹೋಗುತ್ತಿಲ್ಲ. ಅಪ್ಪ ಇನ್ನಿಲ್ಲ, ಮಗಳೇ. ಬೆಳಕು ಹರಿಯುವ ಹೊತ್ತಿಗೆ ಹೋದರು. ಮಲಗಿದರೆ ಉಸಿರು ಸಿಗುವುದಿಲ್ಲವೆಂದು ದಿಂಬಿಗೆ ಒರಗಿ ಕೂತೇ ಇದ್ದರು. ನೀರು ಕೇಳಿದರು. ತರುವಷ್ಟರಲ್ಲಿ ಬೇಕಾಗಿರಲಿಲ್ಲ.

ನಿನ್ನನ್ನು ಕರೆತರಲು ಮಾವ ಕಾರಿನಲ್ಲಿ ಹೊರಡುತ್ತಿದ್ದಾನೆ. ಅವನು ಮೈದಾನ ಮುಟ್ಟುವಷ್ಟರಲ್ಲಿ ನಿನ್ನ ನಾನೂರು ಮೀಟರ್ ಓಟ ಮುಗಿದಿರುತ್ತದೆ. ವಿಷಯ ನೀನೇ ಹೇಳಪ್ಪ ಎಂದು ಅವನಿಗೆ ಅಂದರೆ, "ಅಕ್ಕಾ, ಅದೊಂದು ನನ್ ಕೈಲಾಗಲ್ಲ. ಅವಳ ಮುಖ ನೋಡಿದ್ರೆ ನಾನೇ ಮೊದ್ಲು ಅತ್ಬಿಡ್ತೀನಿ" ಎಂದ. ಅದಕ್ಕೇ ಈ ಪತ್ರ.

ಕೋಚ್ ನಿನಗೆ ಉಸಿರಿನ ವ್ಯಾಯಾಮದ ಪೀಪಿ ಕೊಟ್ಟ ದಿನ ನೆನಪಿದೆಯಾ? ಆಸ್ಪತ್ರೆಯವರು ಅಪ್ಪನಿಗೂ ಅಂಥದ್ದನ್ನೇ ಕೊಟ್ಟಿದ್ದರು. ಒಳಗೊಂದು ಸ್ಪ್ರಿಂಗು, ಉಸಿರೆಳೆದರೆ ತಡೆಯುತ್ತದೆ. ನಿನ್ನದು ಬಿಗಿ, ಅವರದು ಸಡಿಲ. ಕಲ್ಲು ಪಾಲಿಶ್ ಮಾಡಿ ಮಾಡಿ ಎದೆ ತುಂಬ ದೂಳು ತುಂಬಿಕೊಂಡವರಿಗೆ ಆ ಸಡಿಲವೂ ಗುಡ್ಡ ಹತ್ತಿದ ಹಾಗೆ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನಕ್ಕರು: "ನೋಡೇ, ಓಡೋಳಿಗೂ ಕೂರೋನಿಗೂ ಒಂದೇ ಪೀಪಿ. ಶಾಲೆ ಯೂನಿಫಾರಂ ಇದ್ದ ಹಾಗೆ!"

ಕಾಲು ಬಿಸಿ ಮಾಡಿಕೊಂಡರೆ ಸಾಲದು, ಉಸಿರಿನ ಸ್ನಾಯುಗಳನ್ನೂ ಎಬ್ಬಿಸಿಕೊಂಡು ಓಡಬೇಕು, ಆಗ ಕೊನೆಯ ತಿರುವಿನಲ್ಲಿ ಕಾಲು ಬೇಗ ಸೋಲುವುದಿಲ್ಲ ಎಂದು ನಿಮ್ಮ ಕೋಚ್ ಹೇಳಿದ್ದರಲ್ಲ. ನಾನು ಆಸ್ಪತ್ರೆಯ ವ್ಯಾಯಾಮದ ಮೇಡಂ ಹತ್ತಿರ ನಿಜವೇ ಎಂದು ಕೇಳಿದ್ದೆ. ಕೆಲವರಿಗೆ ಆಗುತ್ತೆ, ಕೆಲವರಿಗೆ ಇಲ್ಲ, ಖಚಿತವಾಗಿ ಹೇಳೋಕಾಗಲ್ಲ ಎಂದರು. ಅಪ್ಪನಿಗೆ ಅದನ್ನು ಹೇಳಿದರೆ, "ಕೆಲಸ ಮಾಡುತ್ತೋ ಬಿಡುತ್ತೋ, ಓಟಕ್ಕೆ ಮುಂಚೆ ಅವಳು ಫೋನಂತೂ ಮಾಡ್ತಾಳಲ್ಲ. ನೀನು ಸುಮ್ನಿರು" ಎಂದು ನನ್ನ ಬಾಯಿ ಮುಚ್ಚಿಸಿದರು.

ನಿಮ್ಮಿಬ್ಬರ ಆ ಫೋನು! ಹಲೋ ಇಲ್ಲ, ಊಟ ಆಯ್ತಾ ಇಲ್ಲ. ಎತ್ತಿದ ಕೂಡಲೇ ಆ ಕಡೆ ನಿನ್ನ ಪೀಪಿ, ಈ ಕಡೆ ಅವರದು. ಮುಗಿದ ಮೇಲೆ ನೀನು "ಹೊರಟೆ ಕಣಪ್ಪಾ" ಎನ್ನಬೇಕು, ಮಾತಿಗೆ ಉಸಿರು ಉಳಿಯದ ಅವರು ಬೆರಳ ಗೆಣ್ಣಿನಿಂದ ಮೇಜಿಗೆ ಕುಟ್ಟಬೇಕು. ಅಷ್ಟೇ ಸಂಭಾಷಣೆ.

ನಿನ್ನೆ ಸಂಜೆ ಹೇಳಿದರು: "ನಾಳೆ ಏನೇ ಆಗ್ಲಿ, ಅವಳ ಓಟ ಮುಗಿಯೋವರೆಗೆ ಉಸಿರೆತ್ತಬೇಡ." ನಾನು ರೇಗಿದೆ. "ಆಮೇಲೆ ಅವಳಿಗೆ ಮುಖ ತೋರಿಸ್ಬೇಕಾದವಳು ನಾನು. ನೀವು ತಪ್ಪಿಸಿಕೊಳ್ತೀರಿ" ಎಂದೆ. ನಕ್ಕರು, ನಗು ಕೆಮ್ಮಾಯಿತು. ನಾನು ಹೂಂ ಎನ್ನಲಿಲ್ಲ.

ಇವತ್ತು ನಿನ್ನ ಫೋನ್ ಬಂದಾಗ ಹೇಳಿಬಿಡಬೇಕೆಂದೇ ಎತ್ತಿದೆ, ನಂಬು. ಅಷ್ಟರಲ್ಲಿ ನೀನು ಶುರುಮಾಡಿದ್ದೆ. ಮೇಜಿನ ಮೇಲೆ ಅವರ ಪೀಪಿ ಇತ್ತು. ತೆಗೆದು ಬಾಯಿಗಿಟ್ಟುಕೊಂಡೆ. ಅವರ ಉಸಿರಿನ ತುದಿಯಲ್ಲಿ ತುಕ್ಕು ಹಿಡಿದ ಚಿಲಕ ಸರಿದಂಥ ಸದ್ದೊಂದಿತ್ತಲ್ಲ, ಅದರ ಪಕ್ಕದಲ್ಲೇ ಇಷ್ಟು ವರ್ಷ ಮಲಗಿದವಳು, ಅದೂ ಬಂತು. ನೀನು ಹೊರಟಾಗ ಮೇಜಿಗೆ ಕುಟ್ಟಿದೆ. ಒಳಗಿನ ಕೋಣೆಯಲ್ಲಿ ಅವರಿದ್ದರು, ಬಾಗಿಲು ತೆರೆದೇ ಇತ್ತು.

ಅವರ ಮಾತು ನಡೆಸಿದೆನೋ, ನನಗೇ ಧೈರ್ಯ ಸಾಲಲಿಲ್ಲವೋ, ತಿಳಿಯದು. ಓಡುವುದೂ ನಿನ್ನದು, ಅಳುವುದೂ ನಿನ್ನದು. ಯಾವುದು ಮೊದಲು ಎಂದು ನಾನು ತೀರ್ಮಾನಿಸಿಬಿಟ್ಟೆ. ನೀನು ನನ್ನ ಜೊತೆ ಮಾತು ಬಿಟ್ಟರೆ ಅದು ನ್ಯಾಯವೇ.

ನೀನು ಬರುವವರೆಗೆ ಅವರನ್ನು ಕಳಿಸಿಕೊಡುವುದಿಲ್ಲ. ಬೆವರು ಆರಿದ ಮೇಲೆ ಹೊರಡು. ದಾರಿಯಲ್ಲಿ ಏನಾದರೂ ತಿನ್ನು, ಮಾವನಿಗೂ ತಿನ್ನಿಸು.

ನಿನ್ನ
ಅಮ್ಮ

ತಾ.ಕ.: ಮಾವ ಕಾರು ಶುರುಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ. ಲಕೋಟೆ ಅಂಟಿಸುವಾಗ ಹೊಳೆಯಿತು. ಅಪ್ಪ ಪೀಪಿ ಎಳೆಯುವಾಗ ಯಾವಾಗಲೂ ನಡುವೆ ಸುಸ್ತಾಗಿ ನಿಲ್ಲಿಸುತ್ತಿದ್ದರು, ನೀನೂ ನಿಂತು ಕಾಯುತ್ತಿದ್ದೆ. ನನ್ನ ಎದೆಗೇನು ಧಾಡಿ, ಒಂದೇ ಸಮನೆ ಎಳೆದೆ. ನಡುವೆ ನಿಂತವಳು ನೀನು. ಬಹಳ ಹೊತ್ತು ನಿನ್ನ ಕಡೆಯಿಂದ ಏನೂ ಕೇಳಿಸಲಿಲ್ಲ, ಲೈನು ಕಟ್ಟಾಯಿತೆಂದುಕೊಂಡೆ. ಆಮೇಲೆ ನೀನು ಮತ್ತೆ ಶುರುಮಾಡಿದೆ, ನನ್ನ ಉಸಿರಿಗೆ ಸರಿಯಾಗಿ. ಮುಗಿಸಿ ನೀನು ಹೇಳಿದ್ದು "ಹೊರಟೆ ಕಣಮ್ಮಾ" ಎಂದು.