ಮೊಟ್ಟೆಯೊಳಗೆ ಕಾಲು ಮೂಡಿತ್ತು

ಅಪ್ಪಾ,

ನಿನ್ನ ನೀರುಕರಡಿಗಳು ಸತ್ತುಹೋದವು. ನೀನು ಇನ್ನಿಲ್ಲ, ಓದಲಾರೆ ಎಂದು ಗೊತ್ತು. ಆದರೂ ಇದನ್ನು ಇನ್ನಾರಿಗೆ ಹೇಳಲಿ?

ಹೋಬಾರ್ಟ್ ಊರಿನ ಬೆಟ್ಟದಾಚೆಯ ಕಾಡಿಗೆ ಬೆಂಕಿ ಬಿದ್ದು ನಿನ್ನೆ ಬೆಳಿಗ್ಗೆಯೇ ಕರೆಂಟ್ ಹೋಯಿತು. ಬೆಟ್ಟದ ಪಾಚಿಯಿಂದ ನೀನು ತಂದು ಸಾಕಿದ್ದ ಆ ಕಣ್ಣಿಗೆ ಕಾಣದ ಎಂಟು ಕಾಲಿನ ಜೀವಗಳು, ಅವುಗಳ ಮೊಟ್ಟೆಗಳು, ಎಲ್ಲವೂ ಇದ್ದ ತಂಪುಪೆಟ್ಟಿಗೆ ಬಿಸಿಯಾಗತೊಡಗಿತು. ಪಕ್ಕದ ಮನೆಯ ಕ್ಲೈವ್ ಐಸ್ ತಂದುಕೊಟ್ಟ.

"ಯಾಕಮ್ಮ ಅಳ್ತೀಯ? ಬಾಹ್ಯಾಕಾಶಕ್ಕೆ ಕಳಿಸಿದ್ರೂ ಸಾಯದ ಪ್ರಾಣಿ ಅಲ್ವಾ ಇದು?" ಎಂದ.

ಐಸ್ ಕರಗಿತು. ಕೊನೆಗೆ ಮೇವ್‌ಗೆ ಫೋನ್ ಮಾಡಿದೆ. ಹೌದು, ನಿನ್ನ ಶಿಷ್ಯೆ ಮೇವ್‌ಗೇ. ಇವು ಕೀಟಗಳ ಬಳಗ ಎಂದು ನೀನು, ದುಂಡುಹುಳುಗಳ ಬಳಗ ಎಂದು ಅವಳು, ಜಗಳವಾಡಿ ಮಾತು ಬಿಟ್ಟಿದ್ದಿರಲ್ಲಾ. ಅವಳು ಹೊಗೆಯಲ್ಲೇ ಕಾರು ಓಡಿಸಿಕೊಂಡು ಬಂದಳು.

"ಒಣಗಿ ಮುದುಡಿದ್ರೆ ಬದುಕ್ತವೆ ಕಣೆ. ನೀರಲ್ಲಿ ಬೆಳೀತಿರೋ ಮೊಟ್ಟೆ ಇಷ್ಟು ಸೆಕೆ ತಡೆಯಲ್ಲ," ಎನ್ನುತ್ತಲೇ ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು.

ಒಂದೊಂದೇ ಭ್ರೂಣ ಮಿಸುಕಾಡುವುದನ್ನು ನಿಲ್ಲಿಸಿತು. ನಾವು ಸರದಿಯ ಮೇಲೆ ನೋಡುತ್ತಾ ಕುಳಿತೆವು. ಮಾಡಲು ಬೇರೇನೂ ಇರಲಿಲ್ಲ.

"ನಾಲ್ಕು ಜೊತೆ ಕಾಲೂ ಮೂಡಿದ್ವು," ಎಂದಳು ಮೇವ್. "ಒಳಗೆ ನರದ ಗಂಟು ಹೇಗೆ ಕಟ್ಟುತ್ತೆ ಅಂತ ನೋಡಿದ್ರೆ ಯಾರು ಸರಿ ಅಂತ ಗೊತ್ತಾಗ್ತಿತ್ತೇನೋ. ಸೋತ್ರೂ ಪರವಾಗಿರ್ಲಿಲ್ಲ. ನಿಮ್ಮಪ್ಪನವರ ಎದುರಿಗೇ ಸೋಲಬೇಕಿತ್ತು ನಾನು."

ಹೊರಡುವಾಗ ಬಾಗಿಲಲ್ಲಿ ನಿಂತು, "ಕೊನೆಗಾಲದಲ್ಲಿ ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ?" ಎಂದು ಕೇಳಿದಳು.

ನೀನು ಅವಳ ಹೆಸರೆತ್ತಿರಲಿಲ್ಲ; ಆದರೂ ಹೌದು ಎಂದೆ, ಅಪ್ಪಾ. ಏನೆಂದು ಅವಳು ಕೇಳಲಿಲ್ಲ.

ನಿನ್ನ ಮಗಳು,
ರೋವೀನಾ