ಝೈನ್‌ನ ಫ್ಲಾಸ್ಕಿಗೆ ಗಂಧಕ

ಫೆ. 2, ಶುಕ್ರವಾರ, ಮಧ್ಯಾಹ್ನ
ಫ್ಲಾಸ್ಕಿಗೆ ಚಿಟಿಕೆ ಗಂಧಕ ಹಾಕಿದೆ. ಝೈನ್ ಜುಮ್ಮಾ ನಮಾಜ್ ಮುಗಿಸಿ ನೇರ ಲ್ಯಾಬಿಗೆ ಬಂದು ಹಾಕುತ್ತಿದ್ದ ಹೊತ್ತು. ಈಗ ಅವನಿಲ್ಲ. ಜನವರಿಯ ಹಿಮ, ಐ-94 ಹೆದ್ದಾರಿ, ಒಂದು ಟ್ರಕ್... ಸಾಕು.

ಮುಚ್ಚಳದ ಹಸಿರು ಟೇಪಿನ ತುದಿಯನ್ನು ಅವನಂತೆಯೇ ಪುಟ್ಟ ತ್ರಿಕೋನವಾಗಿ ಮಡಿಸಿದೆ. ಪಕ್ಕದ ಬೆಂಚಿನ ಇಳಾಗೆ ಗಂಭೀರವಾಗಿ ವರದಿ ಒಪ್ಪಿಸಿದೆ — ಮೃತರು ಇಂದೂ ಕರ್ತವ್ಯಕ್ಕೆ ಹಾಜರಾಗಿರುತ್ತಾರೆ. ಅವಳು ಮುಖ ತಿರುಗಿಸಿದಳು.

ಅವನ ಮನೆಯವರು ಬಂದು ಹೋಗುವವರೆಗೆ ಅವನ ಸಾಮಾನಿಗೆ ಯಾರೂ ಕೈಹಾಕಬಾರದೆಂದು ಪ್ರೊಫೆಸರ್ ಆಜ್ಞೆ. ಕೈಹಾಕದಿದ್ದರೆ ಫ್ಲಾಸ್ಕಿನೊಳಗಿನ ಜೀವಿಗಳು ಹಸಿದು ಸಾಯುತ್ತವೆ. ಆದ್ದರಿಂದ ಅವನ ದೆವ್ವವನ್ನೇ ನೇಮಕ ಮಾಡಿದ್ದೇನೆ. ಅದಕ್ಕೆ ಯಾರ ಆಜ್ಞೆಯೂ ಅನ್ವಯಿಸದು.

ಫೆ. 6
ಯೆಲ್ಲೋಸ್ಟೋನಿನ ಆಸಿಡ್ ಬುಗ್ಗೆಯಿಂದ ಅವನೇ ತಂದ ಸೂಕ್ಷ್ಮಜೀವಿಗಳು. ಅಮ್ಮ ಕಾಫಿಗಿಡುವ ನೀರಿನಷ್ಟು ಬಿಸಿ ಬೇಕು. ಗಂಧಕ ತಿಂದು ಆಸಿಡ್ ಬಿಡುತ್ತವೆ. ಬದುಕಿದ್ದರೆ ನೀರು ಮಬ್ಬು. ಸತ್ತರೆ ತಿಳಿ. ಫ್ರೀಜರಿನಲ್ಲಿಟ್ಟಿದ್ದವು ಮತ್ತೆ ಚೇತರಿಸಿಕೊಳ್ಳಲಿಲ್ಲ. ಉಳಿದಿರುವುದು ಇದೊಂದೇ.

ಇಂದು ಮಬ್ಬು. ಪರಮ ಸಂತೋಷ.

ಫೆ. 13
ನೀರಿನ ಮೇಲೆ ಹೊಸ ಹಳದಿ ಪುಡಿ. ನಾನು ಹಾಕಿದ್ದಲ್ಲ. ಟೇಪ್ ಬದಲಾಗಿದೆ — ತುದಿಯಲ್ಲಿ ತ್ರಿಕೋನ. ನನಗಿಂತ ಅಚ್ಚುಕಟ್ಟು.

ದೆವ್ವದ ಅಧಿಕೃತ ವಕ್ತಾರ ನಾನು. ನನ್ನನ್ನು ಕೇಳದೆ ಅದು ಕೆಲಸ ಮಾಡುವಂತಿಲ್ಲ. ಹೀಗೆಂದು ಫ್ಲಾಸ್ಕನ್ನು ಬಿಸಿಯಾಗಿಡುವ ಇನ್‌ಕ್ಯುಬೇಟರಿಗೆ ಹೇಳಿದೆ. ಗುಂಯ್ ಎಂದಿತು.

ಕ್ಯಾಂಟನ್‌ಗೆ ದಿನಸಿ ತರಲು ಹೋಗುವಾಗ, ಕಾರಿನಲ್ಲಿ ಝೈನ್ ಕೂರುತ್ತಿದ್ದ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟೆ. ಖಾಲಿ ಬಿಡಲಾಗಲಿಲ್ಲ.

ಫೆ. 16, ಶುಕ್ರವಾರ
ಹಾಕಲೋ ಬೇಡವೋ... ಹಾಕಿದೆ. ನಿಲ್ಲಿಸಿದರೆ ಅವನಿಗೆ ಬೇಜಾರಾದರೆ? ಇಳಾಗೆ ವರದಿ ಒಪ್ಪಿಸಲಿಲ್ಲ. ಅವಳೂ ಕೇಳಲಿಲ್ಲ. ಬಿಳಿಚಿಕೊಂಡಿದ್ದಳು.

ಫೆ. 27, ಬೆಳಗ್ಗೆ
ಬೇಗ ಬಂದೆ. ಇನ್‌ಕ್ಯುಬೇಟರ್ ಬಾಗಿಲು ತೆರೆದಿತ್ತು. ಮುಂದೆ ಇಳಾ, ಕೈಯಲ್ಲಿ ಗಂಧಕದ ಡಬ್ಬಿ. ನಾನು ಪ್ರತಿ ಶುಕ್ರವಾರ ಹಾಕುತ್ತಿದ್ದೇನೆ ಎಂದೆ. ಅವಳು ಅಲ್ಲೇ ಸ್ಟೂಲಿನ ಮೇಲೆ ಕುಳಿತಳು.

"ನೀನು ಬರೀ ಟೇಪ್ ಮಡಿಸಿ ಆಟ ಆಡ್ತಿದೀಯ ಅಂದ್ಕೊಂಡೆ ಕಣೋ. ಊಟ ಯಾರೂ ಹಾಕ್ತಿಲ್ಲ ಅಂತ ನಾನು ಹಾಕ್ದೆ. ಆಮೇಲೆ ಪುಡಿ ಜಾಸ್ತಿ ಕಾಣಿಸ್ತು... ಅವನೇ ಅಂದ್ಕೊಂಡ್ಬಿಟ್ಟೆ."

ಆಸಿಡ್ ಎಷ್ಟಿದೆ ಎಂದು ತೋರಿಸುವ ಪಿಎಚ್ ಪೇಪರ್ ಅದ್ದಿದೆವು. ಕಡುಕೆಂಪು — ಅವಕ್ಕೂ ತಾಳಲಾರದಷ್ಟು ಆಸಿಡ್. ಇಬ್ಬರು ಉಣಿಸಿದ್ದನ್ನು ತಿಂದು, ತಾವೇ ಬಿಟ್ಟ ಆಸಿಡ್‌ನಲ್ಲಿ... ನೀರು ತಿಳಿಯಾಗಿತ್ತು.

ಶ್ರದ್ಧಾಂಜಲಿ ಭಾಷಣ ಮಾಡುವುದು ನನ್ನ ಇಲಾಖೆ. ಬದಲಿಗೆ ಹೊಸ ಫ್ಲಾಸ್ಕ್ ತೊಳೆದೆ.

ತಳದ ನಾಲ್ಕು ಹನಿ ಹೊಸ ಫ್ಲಾಸ್ಕಿಗೆ ಹಾಕಿದ್ದೇವೆ. ಒಂದಾದರೂ ಉಳಿದಿದ್ದರೆ ವಾರದಲ್ಲಿ ಮಬ್ಬಾಗಬೇಕು.

ಮಾ. 5
ತಿಳಿ.

ಮಾ. 8
ತಿಳಿ. ನಾಳೆ ಝೈನ್‌ನ ಅಮ್ಮ ದಿಲ್‌ಶಾದ್ ಆಂಟಿ ಗ್ಲೆಂಡೇಲ್ ಹೈಟ್ಸ್‌ನ ಮನೆಯಿಂದ ಬರುತ್ತಾರೆ. ಮಗ ಸಾಕಿದ್ದನ್ನು ನೋಡಬೇಕಂತೆ.

ಮಾ. 9, ಶನಿವಾರ
ಬಂದರು. ಅವನ ಹಳೆಯ ಜಾಕೆಟ್ ತೊಟ್ಟಿದ್ದರು. ಯಾವುದು ನಮ್ಮ ಝೈನನದು ಎಂದು ಕೇಳಿದರು. ನಿಜ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಹೊಸ ಫ್ಲಾಸ್ಕಿಗೆ ಟವೆಲ್ ಸುತ್ತಿ ಕೈಗಿಟ್ಟೆ. ನಲ್ಲಿ ನೀರಿನಷ್ಟು ತಿಳಿ.

ಆಂಟಿ ಎರಡೂ ಅಂಗೈಯಲ್ಲಿ ಹಿಡಿದರು. "ಬೆಚ್ಚಗದ. ಅಂದ್ರ ಜೀವ ಅದ."

ಬಿಸಿ ಯಂತ್ರದ್ದು. ಇಳಾ ನೆಲ ನೋಡಿದಳು. ನಾನು ಬಾಯಿ ತೆರೆದೆ.

"ಸಮರ್ಥ, ಇವತ್ತಿನ ಊಟ ನಾ ಹಾಕಲೇನಪ್ಪಾ?"

ಗಂಧಕದ ಡಬ್ಬಿ ತೆರೆದೆ. ಚಮಚ ಕೊಟ್ಟೆ. ಪುಡಿ ತಿಳಿನೀರಿನ ಮೇಲೆ ತೇಲಿತು. ಮುಚ್ಚಳ ಹಾಕಿದರು. ಟೇಪ್ ಹರಿದು ಸುತ್ತಿದರು. ತುದಿಯನ್ನು ಉಗುರಿನಿಂದ ತೀಡಿ ಮಡಿಸಿದರು — ಪುಟ್ಟ ತ್ರಿಕೋನ. ನಾವ್ಯಾರೂ ತೋರಿಸಿಕೊಟ್ಟಿರಲಿಲ್ಲ. ಝೈನ್‌ಗೆ ಇದನ್ನು ಕಲಿಸಿದ್ದೇ ಅವರಿರಬೇಕು.

ಇಳಾ ನನ್ನ ತೋಳು ಹಿಡಿದಳು. ನಾನು ಫ್ಲಾಸ್ಕನ್ನು ಮತ್ತೆ ಇನ್‌ಕ್ಯುಬೇಟರಿನಲ್ಲಿಟ್ಟು ಬಾಗಿಲು ಮುಚ್ಚಿದೆ.